ವಿಮಾನದ ಕಿವಿಗಿಟ್ಟ ಕುಂಕುಮ

ಆ ಚಳಿಗಾಲದಲ್ಲಿ ಸುಮನ ಸಿಸ್ಟರಿಗೆ ಇದ್ದದ್ದು ಒಂದೇ ಕೆಲಸ. ಕ್ಯಾಪ್ಟನ್ ಮುಬಶ್ಶೀರನ ಲೈಸೆನ್ಸು ರದ್ದಾಗಬೇಕು, ಅವನು ಜೈಲಿಗೆ ಹೋಗಬೇಕು, ಹೋಗುವ ಮುಂಚೆ ನಾಲ್ಕು ಮಂದಿಯ ಎದುರು ನಿಂತು ಈಕೆಯ ಮಗನನ್ನು ಕೊಂದವನು ನಾನೇ ಎಂದು ಬಾಯಿಬಿಟ್ಟು ಹೇಳಬೇಕು. ಭಾಲ್ಕಿಯ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಮನೆಗೆ ಬಂದವಳು ಯೂನಿಫಾರ್ಮ್ ಕೂಡ ಬದಲಿಸದೆ ಫೋನು ಹಿಡಿದು ಕೂಡುತ್ತಿದ್ದಳು. ಪೊಲೀಸರು, ಪತ್ರಿಕೆಯವರು, ವಿಮಾನ ಇಲಾಖೆಯವರು, ಎಲ್ಲರಿಗೂ ಅವಳ ದನಿಯ ಗುರುತಾಗಿತ್ತು. ಕೆಲವರು ಅವಳ ನಂಬರ್ ಕಂಡೊಡನೆ ಫೋನನ್ನು ಬೋರಲು ಹಾಕುತ್ತಿದ್ದರು. ಹಾಕಿದರೆ ಹಾಕಲಿ, ಅವಳು ಮರುದಿನ ಆಸ್ಪತ್ರೆಯ ಫೋನಿನಿಂದ ಮಾಡುತ್ತಿದ್ದಳು.

ಸುಶೀಲಕುಮಾರ ಅವಳ ಒಬ್ಬನೇ ಮಗ. ಬೀದರ ಜಿಲ್ಲೆಯ ಮಕ್ಕಳಿಗೆ ವಿಮಾನದ ಸದ್ದು ಹೊಸದಲ್ಲ. ವಾಯುಪಡೆಯ ಜೆಟ್ಟುಗಳು ತಲೆಯ ಮೇಲೆ ಹಾಯುವಾಗ ಮಾಸ್ತರರು ಪಾಠ ನಿಲ್ಲಿಸುತ್ತಾರೆ, ಹುಡುಗರು ಕಿಟಕಿಗೆ ಓಡುತ್ತಾರೆ, ಸದ್ದು ಅಡಗಿದ ಮೇಲೆ ಮತ್ತೆ ಬೆಂಚಿಗೆ ಬರುತ್ತಾರೆ. ಸುಶೀಲನ ಮನಸ್ಸು ಮಾತ್ರ ಬೆಂಚಿಗೆ ಬರಲೇ ಇಲ್ಲ. ಕಮಠಾಣದ ಆಚೆ ಖಾಸಗಿಯವರೊಬ್ಬರು ವಿಮಾನ ಕಲಿಸುವ ಶಾಲೆ ತೆರೆದಾಗ ಮೊದಲ ತಂಡದಲ್ಲೇ ಹೋಗಿ ಸೇರಿದ. ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ, ಮರುದಿನ, ದಸರೆಯ ಮಂಜು ಮುಸುಕಿದ ಬೆಳಿಗ್ಗೆ, ಇಬ್ಬರು ಕೂಡುವ ಸಣ್ಣ ವಿಮಾನದಲ್ಲಿ ಎಡಗಡೆ ಅವನು, ಬಲಗಡೆ ಅವನಿಗೆ ಕಲಿಸುವ ಮುಬಶ್ಶೀರ. ಔರಾದ ತಾಲೂಕಿನ ಡಾಬಕಾದ ಹತ್ತಿರ ತೊಗರಿ ಹೊಲದಲ್ಲಿ ವಿಮಾನ ಬಿತ್ತು. ಸುಶೀಲ ಅಲ್ಲೇ ಹೋದ. ಮುಬಶ್ಶೀರ ತೊಡೆಯ ಎಲುಬು ಮುರಿದುಕೊಂಡು ಬದುಕಿದ. ಬದುಕಿದ್ದೇ ಅವನ ಮೊದಲ ತಪ್ಪು ಎಂದು ಸುಮನ ತೀರ್ಮಾನ ಮಾಡಿಬಿಟ್ಟಳು.

ಮಗನ ದಿನಕರ್ಮ ಮುಗಿದ ಮರುದಿನವೇ ಅವಳು ಬೀದರಿಗೆ ಹೋದಳು. ಮುಬಶ್ಶೀರ ಮಲಗಿದ್ದ ವಾರ್ಡಿಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ, ಆದರೆ ಬಿಳಿ ಯೂನಿಫಾರ್ಮಿಗೆ ತಡೆಯೆಲ್ಲಿ. ನೇರ ಹೋಗಿ ಅವನ ಮಂಚದ ಪಕ್ಕ ನಿಂತಳು. ಕಾಲಿಗೆ ತೂಕ ಕಟ್ಟಿ ನೇತುಹಾಕಿದ್ದರು. ಅದನ್ನು ಹಿಡಿದು ಒಮ್ಮೆ ಜಗ್ಗಿಬಿಡಲೇ ಎಂದು ಅವಳ ಕೈ ತುರಿಸಿತು. ಇಪ್ಪತ್ತು ವರ್ಷ ರೋಗಿಗಳ ಸೇವೆ ಮಾಡಿದ ಕೈ ಅದು, ಅವತ್ತು ಅದಕ್ಕೆ ನಾಚಿಕೆಯೇನೂ ಆಗಲಿಲ್ಲ.

"ನಿನ್ನ ಎಲುಬು ಕೂಡ್ತದ," ಎಂದಳು. "ನನ್ನ ಮಗನ್ನ ಅರಿವ್ಯಾಗ ಕಟ್ಟಿ ಕೊಟ್ಟಾರ. ಒಂದ ವಿಮಾನ, ಒಂದ ಹೊಲ. ನೀ ಹ್ಯಾಂಗ ಉಳದಿ, ಅದೊಂದು ಹೇಳು."

ಮುಬಶ್ಶೀರ ಏನೂ ಹೇಳಲಿಲ್ಲ. ಅವನ ಹೆಂಡತಿ ತಸ್ಲೀಮ ಎದ್ದು ಬಂದು ನಡುವೆ ನಿಂತಳು.

"ಹೊರಗ ನಡೀರಿ. ದವಾಖಾನಿ ಅದ ಇದು, ಬಜಾರ ಅಲ್ಲ."

"ಉತ್ತರ ಕೊಡೂದು ಬ್ಯಾಡ ಅಂತ ಹೇಳಿ ಮಲಗಿಸೀಯೇನು ಅವಗ?"

"ಅವಗ ಉತ್ತರ ಗೊತ್ತಿದ್ರ ಕೊಡ್ತಿದ್ದ. ನಡೀರಿ."

ಸುಮನಳಿಗೆ ಇಷ್ಟು ಸಾಕಾಯಿತು. ತಪ್ಪಿಲ್ಲದವನು ಸುಮ್ಮನಿರುತ್ತಾನೆಯೇ? ಹೊರಗೆ ಬಂದವಳೇ ಠಾಣೆಗೆ ಹೋಗಿ ದೂರು ಬರೆಸಿದಳು. ಗಂಡ ವೈಜಿನಾಥ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ನುಂಗಿಕೊಂಡು ಬದುಕುವ ಜಾತಿ. ಮಗ ಹೋದ ಮೇಲೆ ಅವರೂ ಬದಲಾಗಿದ್ದರು. ರಾತ್ರಿ ಉಣ್ಣುವಾಗ ಇಬ್ಬರಿಗೂ ಒಂದೇ ಮಾತು, ಅದು ಆ ಕ್ಯಾಪ್ಟನ್ನನ ಮಾತು. ಅವನ ಮೇಲಿನ ಸಿಟ್ಟು ಇಲ್ಲದಿದ್ದರೆ ಆ ಮನೆಯಲ್ಲಿ ಇಬ್ಬರೂ ಮಾತಾಡುವುದನ್ನೇ ಮರೆಯುತ್ತಿದ್ದರೇನೋ.

ವಿಮಾನ ಶಾಲೆಯ ಯಜಮಾನರು ಸಮಾಧಾನ ಹೇಳಲು ಭಾಲ್ಕಿಗೆ ಬಂದರು. ಹಾರ ತಂದರು, ಸುಶೀಲನ ಫೋಟೋಕ್ಕೆ ಹಾಕಿದರು, ಕರವಸ್ತ್ರದಿಂದ ಕಣ್ಣು ಒರೆಸಿಕೊಂಡರು. ವಿಮಾನದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ, ಬಲಗಡೆ ಕೂತವನದೇ ಎಲ್ಲ ಹೊಣೆ, ನಿಮ್ಮ ದೂರಿಗೆ ನನ್ನ ಪೂರ್ತಿ ಬೆಂಬಲ ಎಂದು ಹೇಳಿ ಹೋದರು. ಅಳುತ್ತ ಅಳುತ್ತಲೇ ಅವರು ಕೈ ತೊಳೆದುಕೊಂಡಿದ್ದರು. ಸುಮನಳಿಗೆ ಆಗ ಅದು ಕಾಣಲಿಲ್ಲ. ತನ್ನ ಕಡೆಗೊಬ್ಬ ದೊಡ್ಡ ಮನುಷ್ಯ ಸಿಕ್ಕ ಎಂದುಕೊಂಡಳು.

ಸಂಕ್ರಾಂತಿ ಕಳೆದ ಮೇಲೆ ತನಿಖೆಯ ಅಧಿಕಾರಿ ಎಲ್ಲರನ್ನೂ ಬೀದರಿನ ಸರಕಾರಿ ಅತಿಥಿಗೃಹಕ್ಕೆ ಕರೆಸಿದರು. ಆಕೆ ಬೆಂಗಳೂರಿನ ಕಡೆಯ ನಡುವಯಸ್ಸಿನ ಹೆಂಗಸು, ಮೆತ್ತಗಿನ ದನಿ. ಉದ್ದ ಮೇಜಿನ ಒಂದು ಕಡೆ ಸುಮನ, ವೈಜಿನಾಥ, ಯಜಮಾನರು. ಇನ್ನೊಂದು ಕಡೆ ಮುಬಶ್ಶೀರ, ಗೋಡೆಗೆ ಊರುಗೋಲು ಒರಗಿಸಿಕೊಂಡು. ಸುಮನ ಅವನ ಎದುರಿನ ಕುರ್ಚಿಯನ್ನೇ ಹುಡುಕಿ ಕೂತಳು. ಅವನು ತಲೆ ಎತ್ತಿದಾಗಲೆಲ್ಲ ತನ್ನ ಮುಖವೇ ಕಾಣಬೇಕು ಎಂಬುದು ಅವಳ ಲೆಕ್ಕ.

ಅಧಿಕಾರಿ ಒಂದು ದೊಡ್ಡ ಫೋಟೋ ಮೇಜಿನ ಮೇಲಿಟ್ಟರು. ನಾಣ್ಯದ ಹಾಗಿನ ಒಂದು ಲೋಹದ ಬಿಲ್ಲೆ, ಅದರ ನಡುವೆ ಕೆಂಪು ಹಳದಿ ಬಣ್ಣದ್ದೇನೋ ಗಟ್ಟಿಯಾಗಿ ಮೆತ್ತಿಕೊಂಡಿತ್ತು.

"ಈ ಬಿಲ್ಲೆ ವಿಮಾನದ ಎಡಪಕ್ಕದಲ್ಲಿರುತ್ತೆ. ಮಧ್ಯೆ ಒಂದು ಸಣ್ಣ ತೂತು. ಹೊರಗಿನ ಗಾಳಿಯ ಒತ್ತಡ ಎಷ್ಟಿದೆ ಅಂತ ಮೀಟರುಗಳಿಗೆ ತಿಳಿಯೋದು ಈ ತೂತಿಂದಲೇ. ಎಷ್ಟು ಎತ್ತರದಲ್ಲಿದ್ದೀವಿ, ಎಷ್ಟು ವೇಗದಲ್ಲಿದ್ದೀವಿ, ಎರಡೂ ಲೆಕ್ಕ ಇದರ ಮೇಲೇ ನಿಂತಿದೆ," ಎಂದು ಆಕೆ ನಿಧಾನವಾಗಿ ಹೇಳಿದರು. "ಇದು ಪೂರ್ತಿ ಮುಚ್ಚಿರಲಿಲ್ಲ. ಕೂದಲೆಳೆಯಷ್ಟು ಬಿರುಕು ಉಳಿದಿತ್ತು. ಅದರಿಂದ ಗಾಳಿ ತುಂಬ ನಿಧಾನಕ್ಕೆ ಹೋಗಿ ಬಂದು ಮಾಡಿದೆ. ಮೇಲೆ ಒಂದೇ ಎತ್ತರದಲ್ಲಿ ಹಾರುತ್ತಿದ್ದಾಗ ಮೀಟರು ಸರಿಯಾಗೇ ತೋರಿಸಿದೆ, ಹಾಗಾಗಿ ಯಾರಿಗೂ ಅನುಮಾನ ಬಂದಿಲ್ಲ. ಅವತ್ತಿನ ಪಾಠ, ಎಂಜಿನ್ ಕೆಟ್ಟರೆ ಹೊಲದಲ್ಲಿ ಇಳಿಸೋದು ಹೇಗೆ ಅನ್ನೋದು. ಎಂಜಿನ್ ತಗ್ಗಿಸಿ ಕೆಳಗಿಳಿಯೋಕೆ ಶುರು ಮಾಡಿದ್ದಾರೆ. ವಿಮಾನ ಕೆಳಗೆ ಬಂದಿದೆ, ಮೀಟರು ಇನ್ನೂ ಮೇಲಿದ್ದೀರಿ ಅಂದಿದೆ. ವೇಗ ಕಮ್ಮಿಯಾಗಿದೆ, ಮೀಟರು ಜಾಸ್ತಿ ಇದೆ ಅಂದಿದೆ. ಮಂಜಿನಲ್ಲಿ ನೆಲ ಕಂಡಿಲ್ಲ. ಮೀಟರನ್ನ ನಂಬಿ ವೇಗ ತಗ್ಗಿಸೋಕೆ ಮೂತಿ ಎತ್ತಿದ್ದಾರೆ. ಇದ್ದ ವೇಗವೂ ಹೋಗಿ ವಿಮಾನ ಬಿದ್ದಿದೆ."

ಸುಮನಳಿಗೆ ಇದು ಬೇರೆಯವರಿಗಿಂತ ಬೇಗ ತಿಳಿಯಿತು. ಬಿ.ಪಿ. ನೋಡುವ ಯಂತ್ರದ ರಬ್ಬರು ನಳಿಗೆ ಎಲ್ಲೋ ಮಡಚಿಕೊಂಡರೆ ಹೀಗೇ ಆಗುತ್ತದೆ. ಒಳಗಿನ ಒತ್ತಡ ಇಳಿದುಹೋಗಿದ್ದರೂ ಮುಳ್ಳು ಹಳೆಯ ಅಂಕಿಯನ್ನೇ ಹಿಡಿದು ಕೂತಿರುತ್ತದೆ. ಅದನ್ನು ನಂಬಿ ಔಷಧಿ ಕೊಟ್ಟರೆ ರೋಗಿಯ ಗತಿ ಅಷ್ಟೇ. ಹೊಸ ನರ್ಸುಗಳಿಗೆ ಅವಳು ಮೊದಲ ದಿನ ಹೇಳಿಕೊಡುತ್ತಿದ್ದ ಪಾಠವೇ ಅದು.

"ಹಂಗಾದ್ರ ಸರಳ ಅದ ಅಲ್ರಿ," ಎಂದಳು, ಮುಬಶ್ಶೀರನ ಮೇಲಿಂದ ಕಣ್ಣು ತೆಗೆಯದೆ. "ಹಾರೂ ಮೊದಲ ತೂತು ನೋಡೂದು ಯಾರ ಕೆಲಸ? ಅಂವ ನೋಡಿಲ್ಲ. ನನ್ನ ಮಗ ಸತ್ತ. ಇನ್ನೇನು ತನಿಖಿ ಮಾಡ್ತೀರಿ."

"ಅದನ್ನೂ ಬರೀತೀವಿ, ಸುಮನ ಅವರೇ. ಏನು ಮೆತ್ತಿತ್ತು ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ಅರಿಶಿಣ, ಕುಂಕುಮ, ಜೊತೆಗೆ ಅಂಟು. ಲಾಡು ಕಟ್ಟೋಕೆ ಹಾಕ್ತಾರಲ್ಲ, ಗಿಡದ ಅಂಟು, ಅದನ್ನ ನೀರಲ್ಲಿ ನೆನೆಸಿ ಕಲಸಿದ್ದಾರೆ. ಬರೀ ಕುಂಕುಮ ಆಗಿದ್ದರೆ ಗಾಳಿಗೆ ಉದುರಿಹೋಗ್ತಿತ್ತು."

ಯಜಮಾನರು ತಟ್ಟನೆ ಮುಂದೆ ಬಗ್ಗಿದರು. "ಪೂಜಾಕ್ಕ ಎಲ್ಲಾ ಹುಡುಗರ ಮನಿಯವರೂ ಬಂದಿದ್ರು. ಅರಿಶಿಣ ಕುಂಕುಮ ಹಚ್ಚ್ಯಾರ, ಕಾಯಿ ಒಡದಾರ. ಅಂಟು ಗಿಂಟು ಯಾರೂ ತಂದಿಲ್ರಿ."

ಸುಮನ ಮುಬಶ್ಶೀರನ ಮೇಲಿಂದ ಕಣ್ಣು ತೆಗೆದು ಮೇಜಿನ ಮೇಲಿನ ಫೋಟೋ ನೋಡಿದಳು.

ಖಂಡೆ ಪೂಜೆಯ ದಿನ ಬೆಳಿಗ್ಗೆ ಭಾಲ್ಕಿಯ ಅಡುಗೆಮನೆಯಲ್ಲಿ ನಿಂತು ಅವಳು ಯೋಚಿಸಿದ್ದಳು. ಮೋಟಾರಿಗೆ ಹಚ್ಚುವ ಕುಂಕುಮವೇ ಸಂಜೆಯೊಳಗೆ ಉದುರುತ್ತದೆ, ಆಕಾಶದ ಗಾಳಿಗೆ ವಿಮಾನದ ಮೇಲೆ ಏನು ಉಳಿದೀತು? ಅಂಟಿನುಂಡಿಗೆ ತಂದಿಟ್ಟಿದ್ದ ಅಂಟನ್ನು ನೆನೆಸಿ ಅದರಲ್ಲಿ ಅರಿಶಿಣ ಕುಂಕುಮ ಕಲಸಿ ಬಟ್ಟಲಲ್ಲಿ ಮುಚ್ಚಿಕೊಂಡು ಒಯ್ದಿದ್ದಳು. ಉಳಿದ ಹೆಂಗಸರು ಗಾಲಿಗೆ, ಮೂತಿಯಲ್ಲಿ ತಿರುಗುವ ರೆಕ್ಕೆಗೆ ಹಚ್ಚಿದರು. ಸುಶೀಲ ಇವಳ ಕೈ ಹಿಡಿದು ಎಡಪಕ್ಕಕ್ಕೆ ಕರೆದುಕೊಂಡು ಹೋದ. ಅವ್ವಾ, ಇದು ವಿಮಾನದ ಕಿವಿ, ಗಾಳಿ ಏನು ಹೇಳ್ತದೋ ಇದರಿಂದನೇ ಅದಕ್ಕ ಕೇಳಸ್ತದ ಎಂದು ಬಿಲ್ಲೆ ತೋರಿಸಿದ. ಆಮೇಲೆ ಯಾರೋ ಕರೆದರೆಂದು ಅತ್ತ ಓಡಿದ. ಮಗ ಇಷ್ಟು ಪ್ರೀತಿಯಿಂದ ತೋರಿಸಿದ ಕಿವಿಯನ್ನು ಬರಿದು ಬಿಡುವುದು ಹೇಗೆ? ಉಂಗುರ ಬೆರಳಿನಿಂದ ತುಂಬ ತೆಗೆದು ಒತ್ತಿ ಹಚ್ಚಿದ್ದಳು.

ಅವಳು ಮೆಲ್ಲಗೆ ಗಂಡನ ಕಡೆ ನೋಡಿದಳು. ವೈಜಿನಾಥರ ಮುಖದಲ್ಲಿ ಸಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಅಡುಗೆಮನೆಯ ಡಬ್ಬಿಗಳಲ್ಲಿ ಏನೇನಿದೆ ಎಂದು ಅವರಿಗೆ ಯಾವತ್ತೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿಲ್ಲ ಎಂದು ಅವಳಿಗೆ ಒಂದು ಗಳಿಗೆ ಜೀವ ಬಂದಂತಾಯಿತು. ಆ ಸಮಾಧಾನಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಧಿಕಾರಿ ಮುಬಶ್ಶೀರನ ಕಡೆ ತಿರುಗಿದರು. "ಕ್ಯಾಪ್ಟನ್, ಹಾರೋಕೆ ಮುಂಚೆ ಇದನ್ನ ನೋಡಿದ್ದಿರಾ?"

"ನೋಡೀನ್ರಿ."

"ಯಾಕೆ ಒರೆಸಲಿಲ್ಲ?"

"ಯಾಕಂದ್ರ ನನ್ನ ಹೆಸರು ಮುಬಶ್ಶೀರ ಅದರಿ."

ಅವನ ದನಿಯಲ್ಲಿ ಪಶ್ಚಾತ್ತಾಪದ ಮೆದುತನ ಇರಲಿಲ್ಲ, ಹಲ್ಲು ಕಡಿಯುವಂಥ ಸಿಟ್ಟಿತ್ತು.

"ದಸರಾ ಮುಂಜಾನಿ. ಶುಭದಿನ, ಮಂಜಿದ್ರೂ ಒಂದು ಸುತ್ತರೆ ಹಾರಲಿ ಅಂತ ಯಜಮಾನ್ರ ಹುಕುಂ. ಮೈದಾನ ತುಂಬ ಮಂದಿ, ಎಲ್ಲಾರ ಕೈಯಾಗ ಮೊಬೈಲ್. ನಾ ಒಂದು ಅರಿವಿ ತಗೊಂಡು ಪೂಜಾದ ಕುಂಕುಮ ತಿಕ್ಕಿ ತಗೀಲಿಕತ್ತೀನಿ ಅಂತ ಇಟ್ಕೋರಿ. ಸಂಜಿತನ ಬೀದರದಾಗ ನನ್ನ ಮನಿ ಉಳೀತಿತ್ತೇನ್ರಿ? ಮ್ಯಾಲ ಮ್ಯಾಲ ಹಚ್ಚ್ಯಾರ, ಒಳಗ ಹೋಗಿರಂಗಿಲ್ಲ ಅಂತ ನನಗ ನಾನ ಹೇಳಿಕೊಂಡೆ. ತಪ್ಪು ಮಾಡೀನಿ, ಖರೆ. ಹೆದರಿ ಮಾಡೀನಿ. ಹೆದರಿಸಿದವರೂ ಇಲ್ಲೇ ಕುಂತೀರಿ."

"ಕೇಳಿದ್ರೇನ್ರಿ?" ಯಜಮಾನರು ಎದ್ದು ನಿಂತರು. "ಹುಡುಗನ ಜೀವ ತಗೊಂಡು ಈಗ ನಮ್ಮ ಪೂಜಾದ ಮ್ಯಾಲ ಹಾಕ್ಲಿಕತ್ತಾನ."

ವೈಜಿನಾಥ ಯಾವಾಗ ಎದ್ದರೋ ಸುಮನಳಿಗೆ ತಿಳಿಯಲಿಲ್ಲ. ಜೀವಮಾನದಲ್ಲಿ ಒಬ್ಬ ವಿದ್ಯಾರ್ಥಿಗೂ ಏಟು ಕೊಡದ ಆ ಮನುಷ್ಯ ಮೇಜು ಸುತ್ತಿ ಹೋಗಿ, ಏಳಲು ಹವಣಿಸುತ್ತಿದ್ದ ಮುಬಶ್ಶೀರನ ಊರುಗೋಲನ್ನು ಒದ್ದರು. ಅವನು ಗೋಡೆಗೆ ಬಡಿದು ಕುಸಿದ. ಕಾನ್‌ಸ್ಟೇಬಲ್ ಬಂದು ಬಿಡಿಸಿದ. ಮೂರು ತಿಂಗಳಿಂದ ಸುಮನ ಇದನ್ನೇ ಬಯಸಿದ್ದಳು. ಕಣ್ಣೆದುರೇ ಆದಾಗ ಅವಳು ಕುರ್ಚಿಯಿಂದ ಏಳಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ.

ಮುಂದಿನ ಸೋಮವಾರ ಎಲ್ಲರೂ ತಮ್ಮ ಹೇಳಿಕೆ ಬರೆಸಬೇಕೆಂದು ಅಧಿಕಾರಿ ಹೇಳಿ ಸಭೆ ಮುಗಿಸಿದರು.

ಸೋಮವಾರದವರೆಗೆ ಯಜಮಾನರು ಸುಮ್ಮನೆ ಕೂಡಲಿಲ್ಲ. ಕ್ಯಾಪ್ಟನ್ ಕುಂಕುಮದ ಮೇಲೆ ಆರೋಪ ಹಾಕಿದ್ದಾನೆ ಎಂಬ ಸುದ್ದಿ ಅವತ್ತು ಸಂಜೆಗೇ ಭಾಲ್ಕಿ, ಔರಾದ, ಬೀದರಿನ ಎಲ್ಲ ಮೊಬೈಲುಗಳಲ್ಲಿ ಓಡಾಡಿತು. ತೂತಿನ ಮಾತು ಯಾರಿಗೂ ಬೇಕಿರಲಿಲ್ಲ, ಅವನ ಹೆಸರು ಸಾಕಾಗಿತ್ತು. ಹೇಳಿಕೆಯ ದಿನ ಅತಿಥಿಗೃಹದ ಮುಂದೆ ಮೋರ್ಚಾ ಎಂದು ಗೊತ್ತಾಯಿತು. ಯಜಮಾನರು ಸುಮನಳಿಗೆ ಫೋನು ಮಾಡಿದರು.

"ಮುಂದ ನೀವು ಇರಬೇಕ್ರಿ ಸಿಸ್ಟರ್. ಅವ್ವ ಮುಂದ ಇದ್ರ ಪೊಲೀಸರೂ ತಡಿಯಂಗಿಲ್ಲ."

ಅವಳು ಹೂಂ ಎಂದಳು. ಹೂಂ ಎನ್ನುವುದು ಎಷ್ಟು ಸಲೀಸಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅವಳು ಕೇಳಿದ್ದೆಲ್ಲ ಸಿಗುತ್ತಿತ್ತು: ಅವನ ಲೈಸೆನ್ಸು ಹೋಗುತ್ತಿತ್ತು, ಅವನು ಜೈಲಿಗೆ ಹೋಗುತ್ತಿದ್ದ, ಇಲ್ಲವೇ ಮೋರ್ಚಾದ ಕೈಗೇ ಸಿಗುತ್ತಿದ್ದ. ಬಿಲ್ಲೆಗೆ ಅಂಟು ಹಚ್ಚಿದ ಕೈ ಯಾರದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದೇ ಒಂದು ಪ್ರಶ್ನೆ ಮಾತ್ರ ಅವಳನ್ನು ಕೂಡಗೊಡಲಿಲ್ಲ, ನಿಲ್ಲಗೊಡಲಿಲ್ಲ. ಸುಶೀಲ ಅದನ್ನು ನೋಡಿದ್ದನೇ? ನೋಡಿದ್ದರೆ ಸುಮ್ಮನೆ ಯಾಕೆ ಬಿಟ್ಟ? ಅದಕ್ಕೆ ಉತ್ತರ ಕೊಡಬಲ್ಲವನು ಭೂಮಿಯ ಮೇಲೆ ಒಬ್ಬನೇ ಇದ್ದ, ಅವನ ಮುಖ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು.

ಭಾನುವಾರ ಮಧ್ಯಾಹ್ನ ತನಗೆ ಡ್ಯೂಟಿ ಇದೆ ಎಂದು ಗಂಡನಿಗೆ ಸುಳ್ಳು ಹೇಳಿ ಬೀದರಿನ ಬಸ್ಸು ಹತ್ತಿದಳು. ಮುಬಶ್ಶೀರನ ಮನೆ ಹಳೆ ಊರಿನ ಗಲ್ಲಿಯೊಂದರಲ್ಲಿತ್ತು. ಕಿಟಕಿಗೆ ಗಾಜಿನ ಬದಲು ರಟ್ಟು ಬಡಿದಿದ್ದರು. ತಸ್ಲೀಮ ಬಾಗಿಲು ತೆರೆದಳು, ಒಳಗೆ ಬಾ ಎನ್ನಲಿಲ್ಲ.

"ಅವನ ಜೋಡಿ ಒಂದು ಮಾತು ಅದ," ಎಂದಳು ಸುಮನ.

"ಮಾತು ಎಲ್ಲಾ ಆಗ್ಯಾವ. ನಿನ್ನಿ ನಿಮ್ಮ ಮಂದಿ ಕಲ್ಲಿನ ಕೈಲೆ ಮಾತಾಡಿ ಹೋಗ್ಯಾರ. ನನ್ನ ಅತ್ತಿ ಹಣಿಗೆ ಹೊಲಿಗಿ ಬಿದ್ದಾವ."

"ನಾ ಕಳಿಸಿಲ್ಲ."

"ನಿಮ್ಮ ಹೆಸರು ಹೇಳಿ ಒಗದಾರ."

ಒಳಗಿನಿಂದ ಮುಬಶ್ಶೀರನ ದನಿ ಬಂತು. "ಬಿಡು ತಸ್ಲೀಮ, ಬರಲಿ."

ಅವನು ಗೋಡೆಗೆ ಒರಗಿ ಮಂಚದ ಮೇಲೆ ಕೂತಿದ್ದ. ಸುಮನಳಿಗೆ ಯಾರೂ ಕುರ್ಚಿ ತೋರಿಸಲಿಲ್ಲ. ತೋರಿಸಿದ್ದರೂ ಅವಳು ಕೂಡುತ್ತಿರಲಿಲ್ಲ.

"ಸುಶೀಲ ನೋಡಿದ್ನೇನು ಅದನ್ನ?"

"ನೋಡಿದ್ದ. ನಾನ ತೋರ್ಸಿ, ಒರೆಸು ಅಂದೆ. ‘ಅವ್ವ ಹಚ್ಚ್ಯಾಳ ಸರ, ಆಕಿ ಹಚ್ಚಿದ್ದು ನಾ ಹ್ಯಾಂಗ ಒರೆಸ್ಲಿ, ನೀವ ಒರೆಸ್ರಿ’ ಅಂದ. ನಾ ಹ್ಯಾಂಗ ಒರೆಸ್ಲಿ ಮಾರಾಯಾ ಅಂದೆ. ಇಬ್ಬರೂ ನಕ್ಕೀವಿ. ನಕ್ಕೋತ ಹತ್ತಿ ಕುಂತೀವಿ."

ಸುಮನ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. ಈ ಮನೆಯಲ್ಲಿ ಕುಸಿಯುವುದು ಅವಳಿಗೆ ಸಾಧ್ಯವಿರಲಿಲ್ಲ.

"ಅಂದ್ರ ಹಚ್ಚಿದಾಕಿ ನಾ ಅಂತ ನಿನಗ ಗೊತ್ತಿತ್ತು. ಮೊನ್ನೆ ಅಷ್ಟು ಮಂದ್ಯಾಗ ಯಾಕ ಹೇಳ್ಲಿಲ್ಲ? ಒದಿಸಿಕೊಂಡು ಸುಮ್ಮನ ಕುಂತಿ."

"ನಿಮ್ಮ ಮ್ಯಾಲಿನ ಕನಿಕರಕ್ಕಲ್ಲ," ಎಂದ ಮುಬಶ್ಶೀರ. "ನೀವು ಏನಾದ್ರೂ ನನಗೇನಿಲ್ಲ. ನನ್ನ ಅಮ್ಮಿ ಹಣಿ ಒಡಿಸೀರಿ. ಆದ್ರ ಅಂವ ನನ್ನ ಹುಡುಗ ಇದ್ದ, ನಾ ಕಲಿಸಿದ ಹುಡುಗ. ಅವನ ಸಾವಿನ ಕಾಗದದಾಗ ಅವನ ಅವ್ವನ ಹೆಸರು ಬರಬಾರದು. ಅವನ ಸಲುವಾಗಿ ನಾ ಅಷ್ಟು ಮಾಡ್ತೇನಿ. ನಾಳಿಗೂ ಹೇಳಂಗಿಲ್ಲ. ನೀವಿನ್ನ ಹೋಗ್ರಿ."

ಅವಳು ಹೋದಳು. ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತಾಗ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಎಲ್ಲರ ಎದುರಿಗೆ ಅವಳ ಹೆಸರು ಹೇಳಿ ಮರ್ಯಾದೆ ತೆಗೆದಿದ್ದರೂ ತಡೆದುಕೊಳ್ಳುತ್ತಿದ್ದಳು. ಅವನು ಅವಳನ್ನು ಕಾಪಾಡುತ್ತಿದ್ದ. ಇನ್ನು ಸಾಯುವ ತನಕ ಪ್ರತಿ ಊಟದ ಹೊತ್ತಿಗೂ ಆ ಮನುಷ್ಯನ ಉಪಕಾರ ನೆನೆಯಬೇಕು. ಅದಕ್ಕಿಂತ ಜೈಲು ವಾಸಿ ಎನಿಸಿತು.

ಸೋಮವಾರ ಅತಿಥಿಗೃಹದ ಮುಂದೆ ರಸ್ತೆ ಕಾಣದಷ್ಟು ಮಂದಿ ಸೇರಿದ್ದರು. ಸುಶೀಲನ ಫೋಟೋ ಹಿಡಿದಿದ್ದ ಬಹಳಷ್ಟು ಜನರಿಗೆ ಅವನು ಬದುಕಿದ್ದಾಗ ಪರಿಚಯವೇ ಇರಲಿಲ್ಲ. ಸುಮನ ಮೋರ್ಚಾದ ಮುಂದೆ ನಿಲ್ಲದೆ ನೇರ ಒಳಗೆ ಹೋದಳು. ಹೇಳಿಕೆ ಕೊಟ್ಟು ಬರುತ್ತಾಳೆ ಎಂದುಕೊಂಡು ಜನ ದಾರಿ ಬಿಟ್ಟರು, ಯಾರೋ ಅವಳ ಕಾಲು ಮುಟ್ಟಿದರು. ಮುಬಶ್ಶೀರ ಮತ್ತು ತಸ್ಲೀಮರನ್ನು ಪೊಲೀಸರು ಹಿಂದಿನ ಬಾಗಿಲಿನಿಂದ ಕರೆತಂದಿದ್ದರು.

ಅಧಿಕಾರಿ ಅವಳ ಹೇಳಿಕೆ ಕೇಳಿದರು. ಸುಮನ ನಿಂತೇ ಮಾತಾಡಿದಳು.

"ಅಂಟು ಕಲಸಿದಾಕಿ ನಾ. ಆ ಬಿಲ್ಲೆಗೆ ಹಚ್ಚಿದಾಕಿನೂ ನಾ. ಕುಂಕುಮ ಉದುರಬಾರದಂತ ಕಲಸೀನಿ. ಬ್ಯಾರೆ ಯಾರೂ ಅಲ್ಲ. ಇದನ್ನ ಹಿಂಗ ಬರಕೋರಿ."

ಯಜಮಾನರು ಮೊದಲು ನಗಲು ನೋಡಿದರು. "ಸಿಸ್ಟರಿಗೆ ದುಃಖದಾಗ ತಲಿ—"

"ತಲಿ ಸರಿ ಅದ. ಇನ್ನೂ ಮುಗಿದಿಲ್ಲ. ನೋಡೂ ಕೆಲಸ ಇವಂದು, ನೋಡಿ ಬಿಟ್ಟಾನ. ಇವನ ಹೆಸರೂ ಬರೀರಿ, ಅದರಾಗ ನಾ ಒಂದು ಅಕ್ಷರ ಬಿಡಂಗಿಲ್ಲ. ಮಂಜಿನಾಗ ಹಾರಿಸು ಅಂದವರು ಈ ಯಜಮಾನ್ರು, ಇವರ ಹೆಸರೂ ಬರೀರಿ."

"ನಾ ಹೇಳಂಗಿಲ್ಲ ಅಂದಿದ್ದೆ," ಎಂದ ಮುಬಶ್ಶೀರ, ಸಿಟ್ಟಿನಿಂದಲೇ.

"ನಿನ್ನ ಉಪಕಾರ ನನಗ ಬ್ಯಾಡ. ನಿನ್ನ ತಪ್ಪು ನೀ ಹೊರು, ನಂದು ನಾ ಹೊರ್ತೇನಿ."

ವೈಜಿನಾಥ ಹೆಂಡತಿಯ ಮುಖವನ್ನು ಹೊಸದಾಗಿ ಕಂಡವರಂತೆ ನೋಡುತ್ತಿದ್ದರು. "ನನಗ್ಯಾಕ ಹೇಳ್ಲಿಲ್ಲ?" ಎಂದು ಕೇಳಿದರು.

"ಹೇಳಿದ್ರ ಏನ್ ಮಾಡ್ತಿದ್ರಿ? ನನಗೂ ಒದೀತಿದ್ರೇನು?"

ಅವರು ಕುರ್ಚಿಯನ್ನು ಎಳೆದುಕೊಂಡು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ಕೂತರು.

ಈ ಗದ್ದಲದಲ್ಲಿ ಯಜಮಾನರು ಹೊರಗೆ ಜಾರಿದ್ದರು. ಸ್ವಲ್ಪ ಹೊತ್ತಿಗೆ ಅವರ ದನಿ ಮೈಕಿನಲ್ಲಿ ಕೇಳಿತು. ಒಳಗೆ ಒಬ್ಬ ಬಡಪಾಯಿ ತಾಯಿಯನ್ನು ಹೆದರಿಸಿ, ತಪ್ಪು ನಂದೇ ಎಂದು ಆಕೆಯ ಬಾಯಿಂದಲೇ ಹೇಳಿಸಿದ್ದಾರಂತೆ. ಮಂದಿ ಗೇಟು ತಳ್ಳಿಕೊಂಡು ಒಳಗೆ ನುಗ್ಗಿದರು. ಸುಮನ ವರಾಂಡಕ್ಕೆ ಹೋಗಿ ನಿಂತು, ಯಾರೂ ಹೆದರಿಸಿಲ್ಲ, ಹಚ್ಚಿದಾಕಿ ನಾನೇ ಎಂದು ಗಂಟಲು ಹರಿಯುವಂತೆ ಹೇಳಿದಳು. ಒಬ್ಬರೂ ಕೇಳಲಿಲ್ಲ. ಒಬ್ಬ ಹೆಂಗಸು ಅವಳ ಕೆನ್ನೆ ಸವರಿ, ನಿಮ್ಮ ಸಂಕಟ ನಮಗ ತಿಳೀತದ ಅವ್ವಾ ಎಂದು ಅವಳನ್ನು ಪಕ್ಕಕ್ಕೆ ಸರಿಸಲು ನೋಡಿದಳು. ಅವರಿಗೆ ಬೇಕಾದವನು ಒಳಗಿದ್ದ. ಅವನನ್ನು ಅವರಿಗೆ ತೋರಿಸಿಕೊಟ್ಟವಳು ಸುಮನಳೇ, ಈಗ ಆ ಬೆರಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಳಿಗೆ ದಾರಿ ಇರಲಿಲ್ಲ. ಕಾನ್‌ಸ್ಟೇಬಲ್ ಅವಳನ್ನು ಒಳಗೆಳೆದು ಬಾಗಿಲಿಗೆ ಅಗುಳಿ ಹಾಕಿದ. ಹೆಚ್ಚಿನ ಪೊಲೀಸರು ಬರುವವರೆಗೆ ಯಾರೂ ಅಲ್ಲಾಡಬಾರದೆಂದ.

ಹೊರಗಿನಿಂದ ಬಾಗಿಲು ಬಡಿಯತೊಡಗಿದರು. ತಸ್ಲೀಮ ಮೂಲೆಯಲ್ಲಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಅಧಿಕಾರಿ ಫೋನಿನಲ್ಲಿದ್ದರು. ಸುಮನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಪ್ರತಿ ಹೊಡೆತವೂ ಅವಳ ಬೆನ್ನಿಗೆ ತಾಗುತ್ತಿತ್ತು. ಎದುರಿಗೆ ಮುಬಶ್ಶೀರ ಕೂತಿದ್ದ. ಅವನ ಮೇಲಿನ ದ್ವೇಷ ಕಡಿಮೆಯಾಗಿರಲಿಲ್ಲ. ಅದರೊಳಗೆ ಈಗ ತಾನೂ ಇದ್ದೇನೆ ಎಂದು ಮಾತ್ರ ಅವಳಿಗೆ ಅನಿಸಿತು. ಇಷ್ಟು ದಿನ ಅವನಿಗೆ ಅವಳು ಸಾವಿರ ಮಾತು ಅಂದಿದ್ದಳು, ಕೇಳಬೇಕಾದ ಒಂದನ್ನು ಕೇಳಿರಲಿಲ್ಲ.

"ಬೀಳೂ ಮುಂದ ಅಂವ ಏನಂದ?"

ಮುಬಶ್ಶೀರ ಬಾಗಿಲ ಕಡೆ ನೋಡಿದ, ಆಮೇಲೆ ಅವಳ ಕಡೆ. "ಈಗ ಬ್ಯಾಡ್ರಿ."

"ಈಗನ ಹೇಳು."

ಕಿಟಕಿಯ ಬಳಿ ವೈಜಿನಾಥ ಬೆನ್ನು ತಿರುಗಿಸಿಯೇ ಇದ್ದರು, ಆದರೆ ಅವರ ತಲೆ ಇತ್ತ ವಾಲಿತು.

"ಮೀಟರ್ ನೋಡ್ಲಿಕತ್ತಿದ್ದ," ಎಂದ ಮುಬಶ್ಶೀರ. "‘ಸರ, ಸ್ಪೀಡ್ ಭಾಳ ಅದ, ಮೂತಿ ಎತ್ತಲೇನು’ ಅಂದ."

"ನೀ ಏನಂದಿ?"

"ಎತ್ತು ಅಂದೆ."

ಸುಮನ ತಲೆಯಾಡಿಸಿದಳು.

"ಓದಿದ್ದು ಸರಿ ಓದಿದ್ನೇನು ಅಂವ? ಮೀಟರ್ದಾಗ ಹಂಗ ಇತ್ತೇನು?"

"ಹೌದ್ರಿ. ಅದರಾಗ ಹಂಗ ಇತ್ತು. ಅಂವ ಸರಿ ಓದಿದ್ದ."

ಬಾಗಿಲ ಅಗುಳಿ ಒಮ್ಮೆ ಅದುರಿತು. ಅವಳು ಎರಡೂ ಅಂಗೈಗಳನ್ನು ಹಿಂದಕ್ಕೆ ಒತ್ತಿ, ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ತಡೆದು ನಿಂತಳು.